ಖಾಡಿ ದಾಟಿದ ಟೇಪುಗಳು: ರಿಸ್ಟೋರ್ ಅನ್ನೋ ಕೆಲಸದ ಇತಿಹಾಸ

ಈ ಸಲದ ಮಾತಿನ ಬರಹ ರೂಪ ಇದು. ಕ್ಯಾಮೆರಾ ಮುಂದೆ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ, ಅವಸರದಲ್ಲಿ ಬಿಟ್ಟುಹೋದ ವಿವರಗಳನ್ನು ಸೇರಿಸಿ ಹಾಕಿದ್ದೀನಿ.

2005ರ ಜುಲೈ 26. ಆಗ ಮುಂಬಯಿಯಲ್ಲಿ ಇದ್ದವರಿಗೆ ತಾರೀಕು ಹೇಳಿದ್ರೆ ಸಾಕು, ವರ್ಷ ಹೇಳಬೇಕಾಗಿಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಊರಿನ ಇನ್ನೊಂದು ತುದಿ ಕೊಲಾಬಾದಲ್ಲಿ 75 ಕೂಡ ಮುಟ್ಟಲಿಲ್ಲ. ಸುದ್ದಿಯಲ್ಲಿ ಮಿಠಿ ನದಿಯ ಹೆಸರೇ ಹೆಚ್ಚು ಕೇಳಿದ್ದು, ಆದರೆ ನಮ್ಮ ಕಡೆ, ಅಂದ್ರೆ ಬದ್ಲಾಪುರ, ಕಲ್ಯಾಣ, ಡೊಂಬಿವಲಿ ಕಡೆ, ಉಕ್ಕಿದ್ದು ಉಲ್ಹಾಸ್ ನದಿ. ನೆಲಮಹಡಿಗಳೆಲ್ಲ ನೀರೊಳಗೆ. ಲೋಕಲ್ ಇಲ್ಲ, ಕರೆಂಟ್ ಇಲ್ಲ, ಫೋನ್ ಇಲ್ಲ. ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಂಥ ದಿನದಲ್ಲಿ ಕಂಪ್ಯೂಟರ್ ಬಗ್ಗೆ ಮಾತಾಡೋದೇ ಸಣ್ಣತನ ಅನ್ನಿಸಬಹುದು. ಆದರೆ ನೀರು ಇಳಿದ ಮೇಲೆ ಸಂಬಳ ಕೊಡಬೇಕು, ಠೇವಣಿ ವಾಪಸ್ ಮಾಡಬೇಕು, ಆಸ್ಪತ್ರೆಯ ಬಿಲ್ಲಿಗೆ ವಿಮೆ ಪಾಸಾಗಬೇಕು. ಆಗ ನೆಲಮಹಡಿಯಲ್ಲಿ ಸರ್ವರ್ ಇಟ್ಟುಕೊಂಡಿದ್ದ ಯಾವ ಆಫೀಸಿಗೂ ತಪ್ಪದ ಪ್ರಶ್ನೆ ಒಂದೇ: ಹಿಂದಿನ ರಾತ್ರಿಯ ಟೇಪ್ ಎಲ್ಲಿದೆ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತೆ, ಅದನ್ನು ಕೇಳೋರು ಕಮ್ಮಿ: ಟೇಪ್ ಸಿಕ್ಕಿತು ಅಂತಲೇ ಇಟ್ಕೊಳ್ಳಿ, ಓದೋದು ಯಾವುದರಲ್ಲಿ?

ಇವತ್ತಿನ ಮಾತೆಲ್ಲ ಈ ಎರಡನೇ ಪ್ರಶ್ನೆ ಬಗ್ಗೆ.

ನಮ್ಮ ಉತ್ತರ ಕರ್ನಾಟಕದ ಕಡೆಯವರಿಗೆ ಹಗೇವು ಗೊತ್ತಿರತ್ತೆ. ನೆಲ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಎಳೆದು ಬಿಡ್ತಿದ್ರು. ಬರಗಾಲಕ್ಕೆ ಅಂತ ಇಟ್ಟ ಕಾಳು ಅದು. ತುಂಬೋದು ಸುಲಭ. ತೆಗೆಯೋವಾಗ ಜೋಪಾನ. ಬಾಯಿ ತೆರೆದ ಕೂಡಲೇ ಯಾರೂ ಇಳಿಯಲ್ಲ. ಒಳಗೆ ಕೆಟ್ಟ ಗಾಳಿ ಕೂತಿರತ್ತೆ, ಅದಕ್ಕೆ ಮೊದಲು ದೀಪ ಇಳಿಬಿಟ್ಟು ನೋಡ್ತಾರೆ. ದೀಪ ಆರಿದ್ರೆ ಕಾಯಬೇಕು. ಬ್ಯಾಕಪ್ ಮತ್ತು ರಿಸ್ಟೋರ್ ನಡುವಿನ ವ್ಯತ್ಯಾಸ ಹೇಳೋಕೆ ಇದಕ್ಕಿಂತ ಒಳ್ಳೆ ಹೋಲಿಕೆ ನನಗೆ ಸಿಕ್ಕಿಲ್ಲ. ತುಂಬುವ ಕೆಲಸ ದಿನಾ ನಡೆಯೋದು, ಯಂತ್ರವೇ ಮಾಡತ್ತೆ, ಬೆಳಗ್ಗೆ ಹಸಿರು ಬಣ್ಣದ ರಿಪೋರ್ಟ್ ಬರತ್ತೆ. ತೆಗೆಯುವ ಕೆಲಸ ಎಷ್ಟೋ ವರ್ಷಕ್ಕೊಮ್ಮೆ, ಅದೂ ಮನೆಗೆ ಬೆಂಕಿ ಬಿದ್ದ ದಿನ.

ಟೇಪ್ ಅನ್ನೋದು ಕಂಪ್ಯೂಟರಿನಷ್ಟೇ ಹಳೇದು ಅಂದ್ರೂ ತಪ್ಪಿಲ್ಲ. 1951ರಲ್ಲಿ ಯೂನಿವ್ಯಾಕ್ ಯಂತ್ರದ ಜೊತೆ ಲೋಹದ ಟೇಪ್ ಬಂತು. ಮರುವರ್ಷ ಐಬಿಎಂ 726 ಬಂತು, ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಲೇಪ, ಅಗಲ ಅರ್ಧ ಇಂಚು. ಒಂದು ಸುರುಳಿಯಲ್ಲಿ ಹಿಡಿಸ್ತಿದ್ದದ್ದು ಸುಮಾರು 2 ಎಂಬಿ, ಈಗಿನ ಒಂದು ವಾಟ್ಸಾಪ್ ಫೋಟೋದಷ್ಟು. ಇವತ್ತು ಡೇಟಾ ಸೆಂಟರುಗಳಲ್ಲಿ ಓಡುವ ಎಲ್‌ಟಿಓ ಟೇಪಿನ ಅಗಲವೂ ಅದೇ ಅರ್ಧ ಇಂಚು! ಎಪ್ಪತ್ತು ವರ್ಷದಲ್ಲಿ ಅಗಲ ಬದಲಾಗಿಲ್ಲ, ಒಳಗಿನದೆಲ್ಲ ಬದಲಾಗಿದೆ. ಎಲ್‌ಟಿಓ ಒಂಬತ್ತನೇ ತಲೆಮಾರಿನ ಒಂದು ಕ್ಯಾಸೆಟ್ಟಿನಲ್ಲಿ ಒಂದು ಕಿಲೋಮೀಟರಿಗೂ ಉದ್ದದ ಪಟ್ಟಿ ಸುತ್ತಿರತ್ತೆ, 18 ಟೆರಾಬೈಟ್ ಹಿಡಿಸತ್ತೆ.

ಮುಂಬಯಿಗೆ ಈ ಟೇಪ್ ಜೊತೆ ಹಳೇ ನಂಟು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600 ಬಂತು, ಆಗಿನ ಕಾಲಕ್ಕೆ ದೇಶದ ದೊಡ್ಡ ಯಂತ್ರ, ಅದರ ಪಕ್ಕ ಟೇಪ್ ಸುರುಳಿಗಳ ಸಾಲು. ನಮ್ಮ ಕಸುಬಿಗೆ ನೇರವಾಗಿ ಸಂಬಂಧಪಟ್ಟ ಕಥೆ ಮಾತ್ರ ಪಟ್ನಿಯದು. 1970ರ ದಶಕದ ಮೊದಲಲ್ಲಿ ನರೇಂದ್ರ ಪಟ್ನಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಒಂದು ಕಂಪನಿ ಶುರು ಮಾಡಿದ್ರು. ಅಲ್ಲಿನ ಕಾಗದ ಪತ್ರ ಇಲ್ಲಿಗೆ ಬರೋದು, ಇಲ್ಲಿ ಕೂತವರು ಟೈಪ್ ಮಾಡಿ ಕಾಗದದ ಟೇಪಿನಲ್ಲಿ ತೂತು ಹೊಡೆಸೋದು, ಅದು ವಿಮಾನದಲ್ಲಿ ವಾಪಸ್ ಹೋಗಿ ಅಲ್ಲಿ ಮ್ಯಾಗ್ನೆಟಿಕ್ ಟೇಪಿಗೆ ಏರೋದು. ಔಟ್‌ಸೋರ್ಸಿಂಗ್ ಅನ್ನೋ ಪದವೇ ಚಾಲ್ತಿಗೆ ಬರೋ ಮೊದಲಿನ ಮಾತು. ಮುಂದೆ ಅದೇ ಪಟ್ನಿಯಲ್ಲಿ ಸಾಫ್ಟ್‌ವೇರ್ ವಿಭಾಗ ನೋಡಿಕೊಳ್ತಿದ್ದ ನಾರಾಯಣ ಮೂರ್ತಿ, ಜೊತೆಯ ಆರು ಜನ, 1981ರಲ್ಲಿ ಹೊರಬಂದು ಇನ್ಫೋಸಿಸ್ ಕಟ್ಟಿದ್ರು. ಪುಣೆಯಲ್ಲಿ ಶುರು, 1983ರಲ್ಲಿ ಬೆಂಗಳೂರಿಗೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕ ಹಾಕಿಸೋ ತನಕ ಹೊರದೇಶಕ್ಕೆ ಕೋಡ್ ಹೋಗೋ ದಾರಿ ಎರಡೇ: ಒಂದೋ ಟೇಪ್ ಹೋಗಬೇಕು, ಇಲ್ಲ ಮನುಷ್ಯನೇ ಹೋಗಬೇಕು. ಬೆಂಗಳೂರು ಬಿಟ್ಟು ಮುಂಬಯಿಗೆ ಬಂದ ನಮಗೆ ಇದನ್ನು ನೆನೆದ್ರೆ ಸ್ವಲ್ಪ ನಗು ಬರತ್ತೆ. ಕಸುಬು ಇಲ್ಲಿಂದ ಅಲ್ಲಿಗೆ ಹೋಯ್ತು, ಅದರ ಹಿಂದೆ ಬೆಳೆದ ನಾವು ಅಲ್ಲಿಂದ ಇಲ್ಲಿಗೆ ಬಂದ್ವಿ. ಪಟ್ನಿ ಐರೋಲಿಯಲ್ಲಿ ಕಟ್ಟಿದ ಕ್ಯಾಂಪಸ್ಸು ಆಮೇಲೆ ಐಗೇಟ್ ಆಯ್ತು, ಈಗ ಕ್ಯಾಪ್‌ಜೆಮಿನಿ.

ಇನ್ನು ಖಾಡಿ. ಥಾಣೆ ಖಾಡಿಯ ಆ ದಡದಲ್ಲಿ ಹಳೇ ಮುಂಬಯಿ, ಈ ದಡದಲ್ಲಿ ಐರೋಲಿ, ರಬಾಳೆ, ಮಹಾಪೆ, ವಾಶಿ, ಬೇಲಾಪುರ. 1970ರಲ್ಲಿ ಸಿಡ್ಕೋ ಹುಟ್ಟಿತು, 1973ರಲ್ಲಿ ಮೊದಲ ವಾಶಿ ಸೇತುವೆ, 1992ರಲ್ಲಿ ಮಾನ್‌ಖುರ್ದ್ ಕಡೆಯಿಂದ ವಾಶಿಗೆ ರೈಲು, 1997ರಲ್ಲಿ ಎರಡನೇ ಸೇತುವೆ, 1999ರಲ್ಲಿ ಐರೋಲಿ ಸೇತುವೆ, 2004ರಲ್ಲಿ ಥಾಣೆಯಿಂದ ಟ್ರಾನ್ಸ್ ಹಾರ್ಬರ್ ಲೋಕಲ್. ಥಾಣೆ–ಬೇಲಾಪುರ ರಸ್ತೆಯ ಕೆಮಿಕಲ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕ್ತಾ ಬಂದಂತೆ ಅದೇ ಎಂಐಡಿಸಿ ಪಟ್ಟಿಯಲ್ಲಿ ಸರ್ವರ್ ಕಟ್ಟಡಗಳು ಎದ್ದವು. ಸ್ಟೇಟ್ ಬ್ಯಾಂಕಿನ ಗ್ಲೋಬಲ್ ಐಟಿ ಸೆಂಟರ್ ಬೇಲಾಪುರದಲ್ಲಿ, ರಿಲಯನ್ಸಿನ ದೊಡ್ಡ ಕ್ಯಾಂಪಸ್ಸು ಕೋಪರ್‌ಖೈರಣೆಯಲ್ಲಿ, 2020ರಲ್ಲಿ ಪನ್ವೇಲ್ ಹತ್ರ ಯೋಟ್ಟಾ. ಜಾಗ ಸಿಗತ್ತೆ, ವಿದ್ಯುತ್ ಸಿಗತ್ತೆ, ಸಮುದ್ರದಡಿಯ ಕೇಬಲ್ಲುಗಳು ದಡ ಸೇರುವ ಮುಂಬಯಿ ಪಕ್ಕದಲ್ಲೇ ಇದೆ. ಊರಿನ ಲೆಕ್ಕಪತ್ರ ಫೋರ್ಟ್, ನಾರಿಮನ್ ಪಾಯಿಂಟಿನಲ್ಲಿ ಬರೆಯೋದು, ಅದರ ನೆನಪು ಖಾಡಿಯ ಈ ಕಡೆ ಇಡೋದು ಅನ್ನೋ ಹಾಗೆ ವ್ಯವಸ್ಥೆ ಬೆಳೀತು.

"ಆಫ್‌ಸೈಟ್" ಅನ್ನೋ ಪದ ಕೇಳಿರ್ತೀರಿ. ಟೇಪ್ ಪೆಟ್ಟಿಗೆಗೆ ಬೀಗ ಹಾಕಿ, ಸಹಿ ಮಾಡಿ, ವ್ಯಾನಿನಲ್ಲಿ ಇನ್ನೊಂದು ಕಟ್ಟಡಕ್ಕೆ ಕಳಿಸೋದು. ಸೇತುವೆ ದಾಟಿದ್ರೆ ಬೇರೆ ಊರು ಅನ್ನೋ ಲೆಕ್ಕ. 2005ರ ಮಳೆ ಆ ಲೆಕ್ಕವನ್ನೇ ಕೆಡಿಸಿತು. ಸೇತುವೆಯ ಎರಡೂ ಕಡೆ ಒಂದೇ ಮೋಡ. ವ್ಯಾನ್ ಬರೋಕೆ ರಸ್ತೆ ಇಲ್ಲ, ಜನ ಬರೋಕೆ ಲೋಕಲ್ ಇಲ್ಲ. ಬದಲಿ ತಾಣ ಬೇರೆ ಭೂಕಂಪ ವಲಯದಲ್ಲಿ, ಬೇರೆ ರಾಜ್ಯದಲ್ಲೇ ಇರಬೇಕು ಅನ್ನೋ ಮಾತಿಗೆ ಬೆಲೆ ಬರೋದು ಇಂಥ ದಿನ. ಇವತ್ತು ಎನ್‌ಎಸ್‌ಇಯ ಬದಲಿ ತಾಣ ಚೆನ್ನೈನಲ್ಲಿ, ಬಿಎಸ್‌ಇಯದ್ದು ಹೈದರಾಬಾದಿನಲ್ಲಿ. ಹಾಗಂತ ದೂರದಲ್ಲಿ ಇದ್ದರೆ ಸಾಲದು. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ವಹಿವಾಟು ಬೆಳಗ್ಗೆ 11.40ಕ್ಕೆ ನಿಂತು ಮಧ್ಯಾಹ್ನ 3.45ಕ್ಕೆ ಮತ್ತೆ ಶುರುವಾಯ್ತಲ್ಲ, ಆ ದಿನ ಚೆನ್ನೈ ತಾಣ ಇದ್ದೂ ಅಲ್ಲಿಗೆ ಹೋಗಲಿಲ್ಲ. ಇಟ್ಟುಕೊಳ್ಳೋದು ಬೇರೆ, ಬಳಸೋ ಧೈರ್ಯ ಬೇರೆ.

ಈಗ ಒಳಗಿನ ಕೆಲಸ ನೋಡೋಣ. ಟೇಪ್ ಕೆಲಸ ಮಾಡದ ಗೆಳೆಯರಿಗೆ ಇದು "ಕಾಪಿ ಪೇಸ್ಟ್" ಅನ್ನಿಸತ್ತೆ. ಅಲ್ಲ.

ಸಾಮಾನ್ಯ ಪದ್ಧತಿಯಲ್ಲಿ ಭಾನುವಾರ ಪೂರ್ತಿ ಪ್ರತಿ, ಉಳಿದ ದಿನ ಹೊಸದಾಗಿ ಬದಲಾದದ್ದು ಮಾತ್ರ. ದಿನದ ಟೇಪ್ ವಾರಕ್ಕೊಮ್ಮೆ ಮರುಬಳಕೆ, ವಾರದ್ದು ತಿಂಗಳಿಗೊಮ್ಮೆ, ತಿಂಗಳದ್ದು ವರ್ಷ ಕಾಯಬೇಕು. ತಾತ, ಅಪ್ಪ, ಮಗ ಅಂತ ಕರೀತಾರೆ. ಗುರುವಾರ ಬೆಳಗ್ಗೆ ಡಿಸ್ಕ್ ಹೋಯ್ತು ಅಂದ್ರೆ ಭಾನುವಾರದ ಟೇಪ್ ಮೊದಲು, ಆಮೇಲೆ ಸೋಮವಾರ, ಮಂಗಳವಾರ, ಬುಧವಾರ, ಅದೇ ಕ್ರಮದಲ್ಲಿ ಇಳಿಸಬೇಕು. ಮಂಗಳವಾರದ್ದು ಓದಲಿಲ್ಲ ಅಂದ್ರೆ ಬುಧವಾರದ್ದು ಎಷ್ಟೇ ಚೆನ್ನಾಗಿದ್ರೂ ನಡುವೆ ತೂತು.

ಎರಡನೇದು ಕ್ಯಾಟಲಾಗ್. ಯಾವ ಫೈಲ್ ಯಾವ ಟೇಪಿನ ಎಷ್ಟನೇ ತುಂಡಿನಲ್ಲಿದೆ ಅನ್ನೋ ಖಾತೆ ಪುಸ್ತಕ. ಅದು ಇರೋದು ಬ್ಯಾಕಪ್ ಸರ್ವರಿನ ಡಿಸ್ಕಿನಲ್ಲಿ, ಆ ಸರ್ವರೂ ಅದೇ ನೆಲಮಹಡಿಯಲ್ಲಿ! ಕ್ಯಾಟಲಾಗ್ ಹೋಯ್ತು ಅಂದ್ರೆ ಪ್ರತಿ ಟೇಪನ್ನೂ ಮೊದಲಿಂದ ಕೊನೆವರೆಗೆ ಓದಿ ಖಾತೆಯನ್ನು ಹೊಸದಾಗಿ ಕಟ್ಟಬೇಕು. ಲೆಕ್ಕ ಹಾಕಿ: ಎಲ್‌ಟಿಓ ನಾಲ್ಕನೇ ತಲೆಮಾರಿನ ಟೇಪ್ 800 ಜಿಬಿ, ಓದುವ ವೇಗ ಸೆಕೆಂಡಿಗೆ 120 ಎಂಬಿ. ಒಂದು ಟೇಪಿಗೆ ಎರಡು ಗಂಟೆಗೆ ಸ್ವಲ್ಪ ಕಮ್ಮಿ. ನಲವತ್ತು ಟೇಪು, ಒಂದೇ ಡ್ರೈವ್ ಅಂದ್ರೆ ಮೂರು ಹಗಲು ಮೂರು ರಾತ್ರಿ, ಒಂದೇ ಒಂದು ಫೈಲ್ ಇನ್ನೂ ವಾಪಸ್ ಬಂದಿಲ್ಲ.

ಮೂರನೇದು ಹೆಣಿಗೆ. ಟೇಪ್ ನಿಲ್ಲದೆ ಓಡಬೇಕು. ಡೇಟಾ ನಿಧಾನಕ್ಕೆ ಬಂದ್ರೆ ಅದು ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಓಡತ್ತೆ, ಬೂಟ್ ಪಾಲಿಶ್ ಬಟ್ಟೆ ಎಳೆದ ಹಾಗೆ. ಟೇಪೂ ಸವೆಯತ್ತೆ, ವೇಗವೂ ಹೋಗತ್ತೆ. ಅದಕ್ಕೆ ನಾಲ್ಕೋ ಎಂಟೋ ಸರ್ವರುಗಳ ಡೇಟಾವನ್ನು ಜಡೆ ಹೆಣೆದ ಹಾಗೆ ಒಂದೇ ಟೇಪಿಗೆ ಬರೆಸ್ತಾರೆ. ಬ್ಯಾಕಪ್ ಬೇಗ ಮುಗಿಯತ್ತೆ, ಮ್ಯಾನೇಜರ್ ಖುಷಿ. ವಾಪಸ್ ತೆಗೆಯೋವಾಗ ಒಂದು ಎಳೆ ಬೇಕಾದ್ರೂ ಇಡೀ ಜಡೆ ಬಿಚ್ಚಬೇಕು. ಬ್ಯಾಕಪ್ ವೇಗಕ್ಕೆ ಮಾಡಿದ ಪ್ರತಿ ಉಪಾಯದ ಸಾಲವನ್ನೂ ರಿಸ್ಟೋರ್ ದಿನ ತೀರಿಸಬೇಕು. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ.

ಫೈಲುಗಳನ್ನು ಟೇಪಿಗೆ ಬರೆಯುವ ರೂಪವೂ ಮುಖ್ಯ. ಯೂನಿಕ್ಸ್‌ನ "ಟಾರ್" ದಿನಾ ಬಳಸ್ತೀವಿ, ಅದರ ಹೆಸರಲ್ಲೇ ಟೇಪ್ ಇದೆ, 1979ರ ಯೂನಿಕ್ಸ್ ಏಳನೇ ಆವೃತ್ತಿಯಿಂದ ಇರೋದು. ಅವತ್ತು ಬರೆದದ್ದನ್ನು ಇವತ್ತೂ ಬಿಚ್ಚಬಹುದು. ಕಂಪನಿಗಳ ಸ್ವಂತ ರೂಪಗಳ ಹಣೆಬರಹ ಬೇರೆ. ನೆಟ್‌ಬ್ಯಾಕಪ್ ಉದಾಹರಣೆ ನೋಡಿ: ಕಂಟ್ರೋಲ್ ಡೇಟಾದಲ್ಲಿ ಹುಟ್ಟಿ, ಓಪನ್‌ವಿಷನ್, ವೆರಿಟಾಸ್, ಸಿಮ್ಯಾಂಟೆಕ್, ಮತ್ತೆ ವೆರಿಟಾಸ್, 2024ರ ಕೊನೆಗೆ ಕೊಹೆಸಿಟಿ. ಅದರ ಕೆಲಸಕ್ಕೆ ಪುಣೆಯಲ್ಲಿ ದೊಡ್ಡ ಕೇಂದ್ರವೇ ಇದೆ, ಹಾಗಾಗಿ ಅದು ಇನ್ನೂ ಬದುಕಿದೆ. ಅದೇ ಕಾಲದ ಎಷ್ಟೋ ಸಣ್ಣ ಸಾಫ್ಟ್‌ವೇರುಗಳು ಮಾಲೀಕರಿಲ್ಲದೆ ಹೋದವು, ಅವು ಬರೆದ ಟೇಪುಗಳು ಮಾತ್ರ ಕಪಾಟಿನಲ್ಲಿವೆ.

ನಾಲ್ಕನೇದು ಡ್ರೈವ್, ಇದೇ ದೊಡ್ಡ ತಲೆನೋವು. ಟೇಪ್ 30 ವರ್ಷ ಬಾಳತ್ತೆ ಅಂತ ತಯಾರಕರು ಹೇಳ್ತಾರೆ. ಆದ್ರೆ ಎಲ್‌ಟಿಓ ಡ್ರೈವ್ ತನ್ನ ಹಿಂದಿನ ಎರಡು ತಲೆಮಾರನ್ನು ಮಾತ್ರ ಓದತ್ತೆ, ಎಂಟನೇ ತಲೆಮಾರಿನಲ್ಲಿ ಅದೂ ಒಂದಕ್ಕೆ ಇಳೀತು. 2007ರ ನಾಲ್ಕನೇ ತಲೆಮಾರಿನ ಟೇಪನ್ನು 2012ರ ಆರನೇ ಡ್ರೈವ್ ಓದತ್ತೆ, 2015ರ ಏಳನೇದು ಮುಟ್ಟಲ್ಲ. ಕಂಪನಿ ಕಾಯಿದೆ 2013ರ ಪ್ರಕಾರ ಲೆಕ್ಕದ ಪುಸ್ತಕಗಳನ್ನು ಎಂಟು ವರ್ಷ ಇಡಬೇಕು. ಎಂಟು ವರ್ಷ ಅಂದ್ರೆ ಸರಿಸುಮಾರು ಮೂರು ತಲೆಮಾರು. ಕಾನೂನು ಟೇಪ್ ಇಡಿ ಅನ್ನತ್ತೆ, ಹಳೇ ಡ್ರೈವನ್ನೂ ಇಡಿ ಅಂತ ಬಿಡಿಸಿ ಹೇಳಲ್ಲ. ಆಡಿಟ್ ಮುಗಿದ ಮೇಲೆ ಹಳೇ ಡ್ರೈವ್ ಭಂಗಾರದವನ ತೂಕಕ್ಕೆ ಹೋಗತ್ತೆ.

ಡ್ರೈವ್ ಇಲ್ಲದ ಟೇಪಿನ ದೊಡ್ಡ ಕಥೆ ನಾಸಾದ್ದು. 1966-67ರಲ್ಲಿ ಲೂನಾರ್ ಆರ್ಬಿಟರ್ ನೌಕೆಗಳು ಚಂದ್ರನ ಚಿತ್ರ ಕಳಿಸಿದವು, ಟೇಪುಗಳಲ್ಲಿ ಭದ್ರವಾಗಿದ್ದವು. ಅವನ್ನು ಓದುವ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳು ಮಾತ್ರ ಕಾಣೆಯಾಗ್ತಾ ಬಂದವು. ನ್ಯಾನ್ಸಿ ಇವಾನ್ಸ್ ಅನ್ನೋರು ಉಳಿದ ನಾಲ್ಕನ್ನು ತಮ್ಮ ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕಾಪಾಡಿದ್ರು. ಅವನ್ನೇ ರಿಪೇರಿ ಮಾಡಿ 2008ರಲ್ಲಿ, ಚಂದ್ರನ ಅಂಚಿನಿಂದ ಭೂಮಿ ಕಾಣುವ 1966ರ ಚಿತ್ರವನ್ನು ವಾಪಸ್ ತೆಗೆದ್ರು. ಕೊನೆಗೆ ಚಿತ್ರ ಉಳಿದದ್ದು ಅವರ ಗ್ಯಾರೇಜಿನಿಂದ.

ನಮ್ಮ ಊರಿನ ಹವೆಯೂ ಟೇಪಿನ ಸ್ನೇಹಿತ ಅಲ್ಲ. ಬಹಳ ಕಾಲ ಇಡಬೇಕಾದ ಟೇಪಿಗೆ ಗಾಳಿಯ ತೇವ 50 ಶೇಕಡಾ ದಾಟಬಾರದು ಅಂತ ಸಲಹೆ. ಜುಲೈಯಲ್ಲಿ ಡೊಂಬಿವಲಿಯ ತೇವ 80ರ ಮೇಲೆ, ಬೀರುವಿನಲ್ಲಿ ಚರ್ಮದ ಬೆಲ್ಟಿಗೇ ಬೂಷ್ಟು ಬರತ್ತೆ. ನೀರಲ್ಲಿ ನೆನೆದ ಟೇಪನ್ನು ಬಿಸಿಲಿಗೆ ಇಟ್ಟು ಒಣಗಿಸಿ ನೇರ ಡ್ರೈವಿಗೆ ತುರುಕೋದು ಅತಿ ಕೆಟ್ಟ ಕೆಲಸ. ಕೆಸರಿನ ಕಣ ಟೇಪಿನ ಮೇಲ್ಮೈ ಗೀಚತ್ತೆ, ಡ್ರೈವಿನ ತಲೆಯನ್ನೂ ಕೆಡಿಸತ್ತೆ. ಶುದ್ಧ ನೀರಲ್ಲಿ ಕೆಸರು ತೊಳೆದು, ತಂಪು ಗಾಳಿಯಲ್ಲಿ ಒಣಗಿಸಬೇಕು, ಅದೂ ಆ ಕೆಲಸ ಬಲ್ಲವರ ಕೈಯಲ್ಲಿ.

ಕೀಲಿ ಬಗ್ಗೆ ಎರಡೇ ಮಾತು. 2005ರಲ್ಲೇ ಬ್ಯಾಂಕ್ ಆಫ್ ಅಮೆರಿಕ ಸಾಗಣೆಯಲ್ಲಿದ್ದ ಟೇಪುಗಳನ್ನು ಕಳೆದುಕೊಂಡಿತು, ಸುಮಾರು 12 ಲಕ್ಷ ಸರ್ಕಾರಿ ನೌಕರರ ವಿವರ ಅದರಲ್ಲಿತ್ತು. ಇಂಥ ಪ್ರಸಂಗಗಳಾದ ಮೇಲೆ 2007ರ ಎಲ್‌ಟಿಓ ಡ್ರೈವಿನಲ್ಲೇ ಗೂಢಲಿಪಿ ಬಂತು. ಕದ್ದವನಿಗೂ ಓದೋಕಾಗಲ್ಲ. ಕೀಲಿ ಕಳೆದರೆ ಮಾಲೀಕನಿಗೂ ಓದೋಕಾಗಲ್ಲ.

ಟೇಪ್ ಮರ್ಯಾದೆ ಉಳಿಸಿದ ದಿನವೂ ಇದೆ. 2011ರ ಫೆಬ್ರವರಿ ಕೊನೆಗೆ ಜಿಮೇಲ್ ಬಳಸುವವರಲ್ಲಿ 0.02 ಶೇಕಡಾ ಜನ ಬೆಳಗ್ಗೆ ಎದ್ದು ನೋಡ್ತಾರೆ, ಡಬ್ಬಿ ಖಾಲಿ. ಗೂಗಲ್ ಒಂದೇ ಡೇಟಾವನ್ನು ಹಲವು ಡೇಟಾ ಸೆಂಟರುಗಳಲ್ಲಿ ಇಟ್ಟಿರತ್ತೆ. ಆದರೆ ದೋಷ ಇದ್ದದ್ದು ಹೊಸ ಸಾಫ್ಟ್‌ವೇರಿನಲ್ಲಿ, ಅದು ಎಲ್ಲ ಪ್ರತಿಗಳನ್ನೂ ಅಳಿಸಿತು. ಉಳಿದದ್ದು ಟೇಪ್ ಮಾತ್ರ, ಯಾಕಂದ್ರೆ ಅದು ಕಪಾಟಿನಲ್ಲಿತ್ತು, ತಂತಿಗೆ ಅಂಟಿಕೊಂಡಿರಲಿಲ್ಲ. ಕ್ಲೌಡ್ ಬಂದ ಮೇಲೆ ಟೇಪ್ ಯಾಕೆ ಅಂತ ಕೇಳುವ ಹೊಸ ಹುಡುಗರಿಗೆ ನಾನು ಹೇಳೋದು ಈ ಕಥೆ.

ನಮ್ಮ ಅಂಗಳದಲ್ಲೇ ನಡೆದ ಕಥೆಗೆ ಬರೋಣ. 2017ರ ಜೂನ್ 27. ಉಕ್ರೇನಿನ ಒಂದು ತೆರಿಗೆ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹೊರಟ ನಾಟ್‌ಪೆಟ್ಯಾ ಅನ್ನೋ ಮಾಲ್‌ವೇರ್ ಡೆನ್ಮಾರ್ಕಿನ ಹಡಗು ಕಂಪನಿ ಮರ್ಸ್ಕ್ ಒಳಗೆ ನುಗ್ಗಿತು. ಮರ್ಸ್ಕ್ ಬಳಗದ ಎಪಿಎಂ ಟರ್ಮಿನಲ್ಸ್ ನಡೆಸುವ ಕಟ್ಟೆಗಳಲ್ಲಿ ಒಂದು ನಮ್ಮ ನ್ಹಾವಾ ಶೇವಾದಲ್ಲಿದೆ, ಜೆಎನ್‌ಪಿಟಿ ಬಂದರಿನ ಗೇಟ್‌ವೇ ಟರ್ಮಿನಲ್ಸ್. ಪರದೆಗಳು ಕಪ್ಪಾದವು. ಯಾವ ಕಂಟೇನರ್ ಎಲ್ಲಿದೆ, ಯಾವ ಲಾರಿಗೆ ಯಾವುದನ್ನು ಏರಿಸಬೇಕು ಅಂತ ಹೇಳುವವರಿಲ್ಲ. ಕೈಬರಹದಲ್ಲಿ ಕೆಲಸ ಸಾಗಿಸುವ ಪ್ರಯತ್ನ ನಡೀತು. ಬಂದರಿನಲ್ಲಿ ಕ್ರೇನ್ ಇದೆ, ಹಡಗು ಇದೆ, ಸರಕು ಇದೆ, ಜನ ಇದ್ದಾರೆ. ಇಲ್ಲದ್ದು ಪಟ್ಟಿ ಒಂದೇ.

ವಾಪಸ್ ಕಟ್ಟುವ ಕೆಲಸ ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ ನಡೀತು. ಸರ್ವರುಗಳ ಬ್ಯಾಕಪ್ ಸಿಕ್ಕಿತು, ಮೂರರಿಂದ ಏಳು ದಿನ ಹಳೇದು. ಆದರೆ ಡೊಮೇನ್ ಕಂಟ್ರೋಲರುಗಳದ್ದು, ಅಂದ್ರೆ ಯಾರು ಒಳಗೆ ಬರಬಹುದು, ಯಾವ ಯಂತ್ರ ಯಾರದು ಅನ್ನೋ ಮೂಲ ಖಾತೆಯದ್ದು, ಎಲ್ಲೂ ಸಿಗಲಿಲ್ಲ. ಸುಮಾರು 150 ಕಂಟ್ರೋಲರುಗಳಿದ್ದವು, ಒಂದಕ್ಕೊಂದು ಪ್ರತಿ. ಒಂದು ಹೋದರೆ ಇನ್ನೊಂದು ಇದೆಯಲ್ಲ ಅಂತ ಲೆಕ್ಕ. ಎಲ್ಲವೂ ಒಟ್ಟಿಗೆ ಹೋಗೋ ದಿನದ ಲೆಕ್ಕ ಯಾರೂ ಹಾಕಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಘಾನಾದಲ್ಲಿ ಒಂದು ಉಳಿದದ್ದು ಸಿಕ್ಕಿತು. ಯಾಕೆ ಉಳಿದಿತ್ತು ಗೊತ್ತಾ? ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಶುಕ್ರವಾರದ ಕರೆಂಟ್ ಕಟ್ಟಿಗೆ ಶಾಪ ಹಾಕಿದ ಡೊಂಬಿವಲಿಯವರು ಇದನ್ನು ಎರಡು ಸಲ ಓದಿ. ಅಲ್ಲಿಂದ ಇಂಟರ್ನೆಟ್ಟಿನಲ್ಲಿ ಕಳಿಸೋಕೆ ದಿನಗಟ್ಟಲೆ ಬೇಕು. ಅಲ್ಲಿನ ಸಿಬ್ಬಂದಿಗೆ ಬ್ರಿಟನ್ ವೀಸಾ ಇಲ್ಲ. ಹಾಗಾಗಿ ಒಬ್ಬರು ಹಾರ್ಡ್ ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿದ್ರು, ಅಲ್ಲಿನ ಏರ್‌ಪೋರ್ಟಿನಲ್ಲಿ ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್ನಿಗೆ ಹೊತ್ತೊಯ್ದರು. ಮರುವರ್ಷ ದಾವೋಸಿನಲ್ಲಿ ಮರ್ಸ್ಕ್ ಅಧ್ಯಕ್ಷರು ಕೊಟ್ಟ ಲೆಕ್ಕ: ಹತ್ತು ದಿನದಲ್ಲಿ 4,000 ಸರ್ವರ್, 45,000 ಪಿಸಿ, 2,500 ಅಪ್ಲಿಕೇಶನ್ ಹೊಸದಾಗಿ ಹಾಕಿದ್ದು. ಪಟ್ನಿ ಕಾಲದಲ್ಲಿ ಟೇಪ್ ವಿಮಾನ ಹತ್ತಿದ ಹಾಗೆ 2017ರಲ್ಲೂ ಡೇಟಾ ಮನುಷ್ಯನ ಚೀಲದಲ್ಲೇ ಹೋಯ್ತು.

2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆ ಮೇಲೆ ರ್‍ಯಾನ್ಸಮ್‌ವೇರ್ ದಾಳಿ ಆದಾಗಲೂ ರೋಗಿಗಳ ದಾಖಲೆ ವಾಪಸ್ ಬಂದದ್ದು ದಾಳಿಗೆ ಸಿಗದೆ ಉಳಿದ ಒಂದು ಬ್ಯಾಕಪ್ ಸರ್ವರಿನಿಂದ. ಹಾಗಾಗಿ ಈಗ ಟೇಪಿಗೆ ಮತ್ತೆ ಮರ್ಯಾದೆ ಬಂದಿದೆ. ಕಪಾಟಿನಲ್ಲಿ ಕೂತ ಟೇಪಿಗೆ ವೈರಸ್ ಹತ್ತಲ್ಲ.

ಇಷ್ಟು ಹೊತ್ತು ಹೇಳಿದ್ದರಲ್ಲಿ ಒಂದು ಕೊಂಡಿ ಬಿಟ್ಟಿದ್ದೀನಿ, ಅದು ನಾವು. ಮಹಾಪೆ, ಐರೋಲಿಯ ರಾತ್ರಿ ಪಾಳಿಯಲ್ಲಿ ಟೇಪ್ ಬದಲಿಸುವ, ಫೇಲಾದ ಕೆಲಸವನ್ನು ಮತ್ತೆ ಓಡಿಸುವ ಹುಡುಗ ಹುಡುಗಿಯರು ಹುಬ್ಬಳ್ಳಿಯಿಂದ, ಕಲಬುರಗಿಯಿಂದ, ಉಡುಪಿಯಿಂದ ಬಂದಿರ್ತಾರೆ, ಎರಡು ವರ್ಷಕ್ಕೆ ಕಂಪನಿ ಬದಲಿಸ್ತಾರೆ. ಬದಲಿಸಬೇಕು ಕೂಡ, ಸಂಬಳ ಏರೋದು ಹಾಗೇ. ಆದರೆ "ಆ ಹಳೇ ಲೈಬ್ರರಿಯ ಮೂರನೇ ಡ್ರೈವ್ ಬರೆಯತ್ತೆ, ಓದಲ್ಲ" ಅನ್ನೋ ಥರದ ತಿಳಿವಳಿಕೆ ಯಾವ ದಾಖಲೆಯಲ್ಲೂ ಇರಲ್ಲ, ತಲೆಯಲ್ಲಿರತ್ತೆ. ಅದು ನೋಟಿಸ್ ಪೀರಿಯಡ್ ಮುಗಿದ ದಿನ ಲೋಕಲ್ ಹತ್ತಿ ಹೋಗತ್ತೆ. ಬ್ಯಾಂಕಿಗೆ ಇದು ನಷ್ಟ, ಆದ್ರೆ ಅವರಿಗೆ ಹಣ ಇದೆ, ಹೇಗೋ ಸರಿ ಮಾಡ್ಕೊಳ್ತಾರೆ. ಹಣ ಇಲ್ಲದವರ ಡೇಟಾ ಏನಾಗತ್ತೆ?

ಇಲ್ಲಿಗೆ ಕನ್ನಡ ಬಂತು. ಮುಂಬಯಿಯಲ್ಲಿ ಕನ್ನಡದ ಅಚ್ಚಿನ ಕೆಲಸ ಸಣ್ಣದಲ್ಲ. "ಕರ್ನಾಟಕ ಮಲ್ಲ"ದಂಥ ದಿನಪತ್ರಿಕೆ, "ಮೊಗವೀರ"ದಂಥ ಮಾಸಿಕ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಪ್ರಕಟಣೆಗಳು, ಡೊಂಬಿವಲಿಯಿಂದ ವಾಶಿವರೆಗೆ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು. 1990ರ ದಶಕದಿಂದ ಇಂಥ ಕೆಲಸ ಎಲ್ಲೆಡೆ ಡಿಟಿಪಿಗೆ ಏರಿತು. ಆಗಿನ ಬ್ಯಾಕಪ್ ಅಂದ್ರೆ ಫ್ಲಾಪಿ, ಜಿಪ್ ಡಿಸ್ಕ್, ಸಿಡಿ, ಸ್ವಲ್ಪ ದೊಡ್ಡ ಪ್ರೆಸ್ಸಾದರೆ ನಾಲ್ಕು ಮಿಲಿಮೀಟರಿನ ಡ್ಯಾಟ್ ಟೇಪ್, ನೋಡೋಕೆ ಹಾಡಿನ ಕ್ಯಾಸೆಟ್ಟಿಗಿಂತ ಚಿಕ್ಕದು.

ಒಂದು ಅಂಥ ಟೇಪ್ ಸಿಕ್ಕಿತು, ಡ್ರೈವೂ ಸಿಕ್ಕಿತು, ಫೈಲೂ ಬಂತು ಅಂತ ಇಟ್ಕೊಳ್ಳಿ. ತೆರೆದ್ರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಫೈಲ್ ಕೆಟ್ಟಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಇತ್ತು, ಆದರೆ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅಕ್ಷರ ಬಂದದ್ದು 2001ರಲ್ಲಿ. ಅದಕ್ಕೆ ಮೊದಲು ಆಕೃತಿ, ಶ್ರೀಲಿಪಿ ಇವೆಲ್ಲ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು, ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತಕ್ಷರ ಇನ್ನೊಂದು ಕಡೆ. ಒಂದು ಕಂಪನಿಯ ಕ್ರಮ ಇನ್ನೊಂದಕ್ಕೆ ಹೊಂದಲ್ಲ. "ಕರ್ನಾಟಕ" ಪದವನ್ನೇ ತಗೊಳ್ಳಿ. ಹಳೇ ಫಾಂಟಿನಲ್ಲಿ ಕಣ್ಣಿಗೆ ಕಾಣೋ ಕ್ರಮದಲ್ಲೇ ಬರೆದಿರತ್ತೆ: ಮೊದಲು ಕ, ಆಮೇಲೆ ನಾ, ಅದರ ಬೆನ್ನಿಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳೋ ಕ್ರಮ: ಕ, ರ್, ನಾ. ಬರೀ ಅಕ್ಷರ ಬದಲಿಸಿದ್ರೆ ಸಾಲದು, ಜಾಗವನ್ನೂ ಬದಲಿಸಬೇಕು. ಇದಕ್ಕೆ ಪರಿವರ್ತಕಗಳಿವೆ, ನುಡಿ ಮತ್ತು ಬರಹದ ಹಳೇ ಫೈಲುಗಳಿಗೆ ಚೆನ್ನಾಗೇ ಕೆಲಸ ಮಾಡ್ತವೆ. ಫಾಂಟಿನ ಹೆಸರೇ ಗೊತ್ತಿಲ್ಲದ ಫೈಲಾದರೆ ಅಚ್ಚಾದ ಪುಟ ಪಕ್ಕದಲ್ಲಿಟ್ಟುಕೊಂಡು ತುಂಡು ತುಂಡಾಗಿ ಪತ್ತೆ ಮಾಡಬೇಕು.

ಇದರಲ್ಲೂ ಮುಂಬಯಿಯ ನಂಟಿದೆ. ನಾವೆಲ್ಲ ನುಡಿಯಲ್ಲಿ ಬಳಸುವ ಕೀಲಿಮಣೆಯ ವಿನ್ಯಾಸ ಮಾಡಿದ ಕೆ.ಪಿ. ರಾವ್, ಮಂಗಳೂರು ಬಳಿಯ ಕಿನ್ನಿಕಂಬಳದವರು, ಟಿಐಎಫ್‌ಆರ್‌ನಲ್ಲಿ, ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು.

ಹಾಗಾಗಿ ಸಂಘದ ಕಪಾಟಿನಲ್ಲೋ, ಅಚ್ಚುಕೂಟ ನಡೆಸ್ತಿದ್ದ ಮಾವನ ಮನೆಯ ಅಟ್ಟದಲ್ಲೋ ಅಂಥ ಟೇಪ್ ಕಂಡರೆ ಮೊದಲು ಡ್ರೈವಿಗೆ ಹಾಕಬೇಡಿ. ಪಕ್ಕದಲ್ಲೇ ಬರೆಯುವ ತಡೆಯ ಸಣ್ಣ ಗುಂಡಿ ಇರತ್ತೆ, ಅದನ್ನು ಸರಿಸಿ, ಡ್ರೈವ್ ತಪ್ಪಿ ಅದರ ಮೇಲೆ ಬರೆಯದ ಹಾಗೆ. ಬೂಷ್ಟು ಇದ್ದರೆ ಅಲ್ಲಿಗೇ ನಿಲ್ಲಿಸಿ. ಚೆನ್ನಾಗಿದ್ದರೆ ಫೈಲ್ ಹುಡುಕೋ ಮೊದಲು ಇಡೀ ಟೇಪಿನ ಪ್ರತಿ ಒಂದೇ ಓಟದಲ್ಲಿ ಡಿಸ್ಕಿಗೆ ಇಳಿಸಿ, ಆಮೇಲಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ. ಅದಕ್ಕೂ ಮೊದಲು ಅದನ್ನು ಬರೆದವರು ಯಾರು ಅಂತ ಕೇಳಿ ತಿಳಿದುಕೊಳ್ಳಿ. ಯಾವ ಸಾಫ್ಟ್‌ವೇರ್, ಯಾವ ಫಾಂಟ್, ಯಾವ ವರ್ಷ, ಪಾಸ್‌ವರ್ಡ್ ಇತ್ತಾ. ಡಿಟಿಪಿ ಮಾಡಿದ ಆ ಕಾಲದ ಹುಡುಗ ಹುಡುಗಿಯರಿಗೆ ಈಗ ಐವತ್ತೈದು, ಅರವತ್ತು. ಕೆಲವರು ಊರಿಗೆ ವಾಪಸ್ ಹೋಗಿದ್ದಾರೆ. ಫೋನ್ ಮಾಡಿದ್ರೆ ಫಾಂಟಿನ ಹೆಸರು ಥಟ್ಟನೆ ಹೇಳ್ತಾರೆ.